ಪುಟ್ ಆಫ್ ಅಂದರೆ ಯಾವ ಕಡೆಗೆ?

ಕೇಳುಗರಿಗೆ ನಮಸ್ಕಾರ.

ಇಂಗ್ಲಿಷಿನಲ್ಲಿ ಕ್ರಿಯಾಪದದ ಪಕ್ಕ ಒಂದು ಪುಟ್ಟ ಪದ ಬಂದು ಕೂತರೆ ಸಾಕು, ಅರ್ಥವೇ ಬದಲಾಗಿಬಿಡುತ್ತದೆ. ಇಂಥ ಜೋಡಿಗೆ ಫ್ರೇಸಲ್ ವರ್ಬ್ ಅನ್ನುತ್ತಾರೆ. ಇವತ್ತು ಅಂಥದ್ದೊಂದನ್ನು ಮಾತ್ರ ನೋಡೋಣ: ಪುಟ್ ಆಫ್. ‘ದೇ ಪುಟ್ ಆಫ್ ದ ಮೀಟಿಂಗ್’ ಅಂದರೆ ಸಭೆಯನ್ನು ಮುಂದೂಡಿದರು.

ಕನ್ನಡದಲ್ಲೂ ನಾವು ‘ಸಭೆ ಮುಂದಕ್ಕೆ ಹಾಕಿದರು’ ಅನ್ನುತ್ತೇವಲ್ವಾ? ಅಲ್ಲಿ ಪುಟ್, ಇಲ್ಲಿ ಹಾಕು. ಅಲ್ಲಿಗೆ ಸರಿಹೋಯಿತು. ತೊಡಕು ಇರೋದು ಆ ‘ಮುಂದಕ್ಕೆ’ ಅನ್ನುವುದರಲ್ಲಿ. ಅದು ತಲೆಯಲ್ಲಿದ್ದರೆ ಬಾಯಿಗೆ ಸುಮ್ನೆ ಫಾರ್ವರ್ಡ್ ಅಂತ ಬಂದುಬಿಡುತ್ತದೆ. ಶುಕ್ರವಾರದ ಸಭೆಯನ್ನು ‘ಬ್ರಿಂಗ್ ಫಾರ್ವರ್ಡ್’ ಮಾಡಿದ್ದೇವೆ ಅಂದರೆ ಕೇಳಿದವರು ಬುಧವಾರವೋ ಗುರುವಾರವೋ ಬಂದು ಕೂರುತ್ತಾರೆ. ಯಾಕೆಂದರೆ ಅದರ ಅರ್ಥ ಇನ್ನೂ ಬೇಗ ನಡೆಸುವುದು. ಸೋಮವಾರಕ್ಕೆ ಹೋಗಿದ್ದರೆ ‘ಪುಟ್ ಆಫ್ ಟಿಲ್ ಮಂಡೇ’ ಅನ್ನಬೇಕು. ಸಭೆಯೇ ಇಲ್ಲ, ರದ್ದು ಅನ್ನುವುದಾದರೆ ಅದು ಕಾಲ್ ಆಫ್. ಈ ಮೂರೂ ಕಲೆಸಿಹೋದರೆ ನಿಜವಾಗಿಯೂ ತೊಂದರೆಯಾಗುತ್ತದೆ. ಬೇರೆ ತಪ್ಪುಗಳನ್ನು ಕೇಳುವವರು ಹೇಗೋ ಅರ್ಥ ಮಾಡಿಕೊಂಡಾರು, ತಪ್ಪು ದಿನವನ್ನು ಸರಿಮಾಡಿಕೊಳ್ಳಲು ಅವರಿಗೂ ಆಗುವುದಿಲ್ಲ.

ಇನ್ನು ಪದಗಳ ಜಾಗ. ‘ಪುಟ್ ಆಫ್ ದ ಮೀಟಿಂಗ್’ ಅನ್ನಬಹುದು, ‘ಪುಟ್ ದ ಮೀಟಿಂಗ್ ಆಫ್’ ಅಂತಲೂ ಅನ್ನಬಹುದು. ಆದರೆ ಮೀಟಿಂಗ್ ಬದಲು ಇಟ್ ಬಂದರೆ ಅದು ನಡುವೆಯೇ ಬರಬೇಕು: ‘ಪುಟ್ ಇಟ್ ಆಫ್’. ‘ಪುಟ್ ಆಫ್ ಇಟ್’ ಅಂತ ಇಲ್ಲ.

ಇದನ್ನು ಕಿವಿಯಿಂದ ಕಲಿಯುವುದೇ ಒಳ್ಳೆಯದು ಅಂತ ನನ್ನ ಅನಿಸಿಕೆ. ಯಾಕೆಂದರೆ ಆಡುಮಾತಿನಲ್ಲಿ ಈ ಮೂರು ಪದ ಬಿಡಿಬಿಡಿಯಾಗಿ ಕೇಳಿಸುವುದಿಲ್ಲ. ‘ಪುಟಿಟಾಫ್’ ಅಂತ ಒಂದೇ ಉಸಿರಿನಲ್ಲಿ ಬರುತ್ತದೆ. ಒತ್ತು ಬೀಳುವುದು ಕೊನೆಯ ಆಫ್ ಮೇಲೆ. ‘ಡೋಂಟ್ ಪುಟಿಟಾಫ್!’ ಈಗ ನೀವೂ ಜೋರಾಗಿ ಹೇಳಿ ನೋಡಿ. ನಾಲ್ಕು ಸಲ ಹೇಳಿದರೆ ಇಟ್ ತಾನಾಗಿ ನಡುವೆ ಬಂದು ಕೂರುತ್ತದೆ.

ಮುಂದೂಡಿದ್ದು ಒಂದು ಕೆಲಸವಾದರೆ ಆ ಕ್ರಿಯಾಪದಕ್ಕೆ ‘ಇಂಗ್’ ಸೇರಿಸಿ. ‘ಐ ಪುಟ್ ಆಫ್ ಗೋಯಿಂಗ್ ಟು ದ ಡೆಂಟಿಸ್ಟ್.’ ಹಲ್ಲಿನ ಡಾಕ್ಟರ ಹತ್ತಿರ ಹೋಗುವುದನ್ನು ಮುಂದೂಡಿದೆ. ‘ಪುಟ್ ಆಫ್ ಟು ಗೋ’ ಅನ್ನಬೇಡಿ. ನಿನ್ನೆಯ ಮಾತಾದರೂ ಪುಟ್ ಪುಟ್ಟೇ, ರೂಪ ಬದಲಾಗುವುದಿಲ್ಲ.

ಇದಕ್ಕೆ ಇನ್ನೊಂದು ಅರ್ಥವೂ ಇದೆ. ‘ದ ಸ್ಮೆಲ್ ಪುಟ್ ಮಿ ಆಫ್’ ಅಂದರೆ ವಾಸನೆ ನನ್ನನ್ನು ಮುಂದೂಡಿತು ಅಂತಲ್ಲ! ಆ ವಾಸನೆಗೆ ತಿನ್ನುವ ಮನಸ್ಸೇ ಹೋಯಿತು ಅಂತ. ‘ಡೋಂಟ್ ಲೆಟ್ ದ ಪ್ರೈಸ್ ಪುಟ್ ಯೂ ಆಫ್’ ಅಂದರೆ ಬೆಲೆ ನೋಡಿ ಹಿಂಜರಿಯಬೇಡಿ. ನಡುವೆ ಮಿ, ಯೂ, ಹಿಮ್ ಅಂತ ಮನುಷ್ಯರು ಬಂದರೆ ಹೆಚ್ಚಾಗಿ ಈ ಅರ್ಥವೇ ಇರುತ್ತದೆ. ಮೀಟಿಂಗು, ಪರೀಕ್ಷೆ, ಪ್ರಯಾಣ ಬಂದರೆ ಮುಂದೂಡಿದ್ದು ಅಂತ ತಿಳಿಯಿರಿ.

ನಮಸ್ಕಾರ.