ಕ್ಲಬ್ಬಿನ ಲೆಕ್ಕದ ಪುಸ್ತಕ

ಕೇಳುಗರಿಗೆಲ್ಲ ನಮಸ್ಕಾರ. ನಮ್ಮ ಮಂಗಳೂರಿನ ಫುಟ್ಬಾಲ್ ಕ್ಲಬ್ಬುಗಳ ಚರಿತ್ರೆ ಹೇಳಿ ಅಂತ ಆಕಾಶವಾಣಿಯವರು ಕರೆದಿದ್ದಾರೆ. ಬಂದರು, ಬೋಳಾರ, ಕುದ್ರೋಳಿ, ಬೆಂಗ್ರೆ, ಉಳ್ಳಾಲದ ಕಡೆ ರೇಡಿಯೋ ಹಾಕಿ ಕೂತವರೇ, ನಿಮ್ಮ ಹತ್ತಿರ ನನ್ನದು ಒಂದೇ ಬೇಡಿಕೆ. ನಿಮ್ಮ ಕ್ಲಬ್ಬಿನ ಹಳೇ ಲೆಕ್ಕದ ಪುಸ್ತಕ ಎಲ್ಲುಂಟು ಅಂತ ಇವತ್ತೇ ಹುಡುಕಿ.

ಚರಿತ್ರೆ ಅಂದ ಕೂಡಲೇ ಎಲ್ಲರೂ ಗೆದ್ದ ಕಪ್‌ಗಳ ಕಪಾಟು ತೋರಿಸುತ್ತಾರೆ. ಕಪ್‌ನ ಮೇಲೆ ಏನಿರುತ್ತದೆ? ಒಂದು ಇಸವಿ, ಕೊಟ್ಟವರ ಹೆಸರು. ಆಡಿದವರ ಹೆಸರೇ ಇಲ್ಲ. ವರ್ಷ ವರ್ಷ ಗೆದ್ದವರ ಕೈಗೆ ಹೋಗುವ ರೋಲಿಂಗ್ ಶೀಲ್ಡ್ ಆದರೆ ಮರುವರ್ಷ ಅದೂ ಇಲ್ಲ. ದೊಡ್ಡ ಗೆಲುವುಗಳ ಚಿಂತೆ ನಮಗೆ ಬೇಡ. 1968-69ರಲ್ಲಿ ಮೈಸೂರು ತಂಡ, ಅಂದರೆ ಆಗಿನ ನಮ್ಮ ರಾಜ್ಯದ ತಂಡ, ರಾಜ್ಯ ತಂಡಗಳು ಆಡುವ ಸಂತೋಷ್ ಟ್ರೋಫಿ ಗೆದ್ದದ್ದು, ಆಮೇಲೆ 54 ವರ್ಷ ಕಾದು 2023ರ ಫೈನಲ್‌ನಲ್ಲಿ ಕರ್ನಾಟಕ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿದ್ದು, ಎಲ್ಲಾ ದಾಖಲೆಯಲ್ಲಿ ಉಂಟು. ನಿಮ್ಮ ಓಣಿಯ ಟೀಮಿನದ್ದು ಎಲ್ಲುಂಟು? ಆ ಪುಸ್ತಕದಲ್ಲಿ ಮಾತ್ರ.

ಹೊಳೆ ಬದಿಯ ಒಂದು ಕ್ಲಬ್ಬಿನವರು ನನಗೆ ಅಂಥದ್ದೊಂದು ಪುಸ್ತಕ ಕೊಟ್ಟಿದ್ದರು. ಅರ್ಧ ಗೆದ್ದಲು ತಿಂದದ್ದು. ಚೆಂಡಿಗೆ ಎಣ್ಣೆ, ಒಳಗೆ ಗಾಳಿ ತುಂಬುವ ಬ್ಲ್ಯಾಡರ್, ಹೊಲಿಯಲು ದಾರ, ಹೀಗೆ ಖರ್ಚು ಬರೆದಿದ್ದಾರೆ. ಆಗ ತೊಗಲಿನ ಚೆಂಡು ಅಲ್ವಾ? ಈಗಿನ ನಿಯಮದಲ್ಲಿ ಆಟ ಶುರುವಾಗುವಾಗ ಚೆಂಡು 410ರಿಂದ 450 ಗ್ರಾಂ. ನಮ್ಮ ಮಳೆಗೆ ನೀರು ಕುಡಿದ ಮೇಲೆ ತೂಕ ಕೇಳಬೇಡಿ! ಹೆಡ್ ಮಾಡಿದವನ ಹಣೆಯಲ್ಲಿ ಚೆಂಡಿನ ಬಾಯಿ ಕಟ್ಟಿದ ಲೇಸಿನ ಗುರುತು ಬೀಳುತ್ತಿತ್ತು.

ಅದರ ನಡುವೆ ಮತ್ತೆ ಮತ್ತೆ ಒಂದು ಖರ್ಚು: 'ಚೆಂಡು ತಂದ ದೋಣಿಯವನಿಗೆ ಚಾ'. ಚೆಂಡು ಹೊಳೆಗೆ ಬಿದ್ದರೆ ಒಬ್ಬ ಹುಡುಗ ದೋಣಿಯಲ್ಲಿ ಹೋಗಿ ತರುತ್ತಿದ್ದನಂತೆ. ಜೂನ್, ಜುಲೈ ಪುಟಗಳಲ್ಲಿ ಇದೇ ಜಾಸ್ತಿ. ಆದರೆ ಒಂದು ಇಸವಿ ಆದ ಮೇಲೆ ಈ ಖರ್ಚೇ ಇಲ್ಲ. ಯಾಕೆ? ಪುಟ ತಿರುಗಿಸಿದರೆ 'ಬೂಟು 1 ಜೊತೆ' ಅಂತ ಉಂಟು. ಹಳೇ ಗೋಲ್‌ಕೀಪರ್ ಒಬ್ಬರನ್ನು ಕೇಳಿದೆ. ಅವರು ನಗಾಡಿದರು. "ಚಾದ ಖರ್ಚು ತಡೆಯಲಾರದೆ ಅವನನ್ನೇ ಟೀಮಿಗೆ ಹಾಕಿಕೊಂಡೆವು ಮಾರಾಯ್ರೆ! ಲೆಫ್ಟ್ ಔಟ್." ಲೆಫ್ಟ್ ಔಟ್ ಅಂದರೆ ಎಡ ಅಂಚಿನಲ್ಲಿ ಆಡುವವನು. ಹೊಳೆ ಇದ್ದದ್ದೂ ಎಡಕ್ಕೆ. ಹಾಫ್ ಟೈಮ್ ಆದ ಮೇಲೆ ಬದಿ ಬದಲಾಗುತ್ತದಲ್ಲ, ಆಗ ಅವನು ರೈಟ್ ಔಟ್. ಒಟ್ಟು ಹೊಳೆ ಬದಿ ಬಿಡಬಾರದು. ಚೆಂಡು ಬಿದ್ದರೆ ಅವನೇ ಹಾರಬೇಕು. ಬೂಟು ಕಳಚಿಟ್ಟು ಹಾರುತ್ತಿದ್ದನಂತೆ, ಹೊಸದಲ್ವಾ! ಹಾಗೆ ಬಂದವನು ಆ ಟೀಮಿಗೆ ತುಂಬಾ ಗೋಲು ಹೊಡೆದ. ಇದನ್ನು ಯಾವ ಕಪ್ ಹೇಳುತ್ತದೆ, ಹೇಳಿ ನೋಡುವ?

ಸಮಯ ಆಗ್ತಾ ಬಂತು ಅಂತ ಗಾಜಿನ ಆಚೆಯಿಂದ ಸನ್ನೆ ಬರುತ್ತಿದೆ. ಮಳೆಗಾಲದಲ್ಲೇ ಯಾಕೆ ಆಟ ಅನ್ನುವುದನ್ನು ಬೇಗ ಹೇಳಿಬಿಡುತ್ತೇನೆ. ಕ್ರಿಕೆಟಿಗೆ ಪಿಚ್ ಒಣಗಬೇಕು, ನಮಗೆ ಬೇಡ. ಈಗಂತೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೋಟಿನ ಹುಡುಗರಿಗೆ ಪುರುಸೊತ್ತು. ಕೆಸರಿನಲ್ಲಿ ಆಟ ಸುಮ್ನೆ ಬೆಳೆದದ್ದಲ್ಲ. ನೆಹರೂ ಮೈದಾನದ ಬಗ್ಗೆಯೂ, ಗಲ್ಫಿಗೆ ಹೋದವರು ಕಳಿಸಿದ ಜೆರ್ಸಿಗಳ ಬಗ್ಗೆಯೂ ಹೇಳುವುದಿತ್ತು. ಇರಲಿ.

ಲೆಕ್ಕದ ಪುಸ್ತಕ ಹಳೇ ಕಾರ್ಯದರ್ಶಿಯ ಮನೆಯ ಅಟ್ಟದಲ್ಲಿ ಇರುತ್ತದೆ. ಅವರು ತೀರಿಕೊಂಡಿದ್ದರೆ ಮಕ್ಕಳನ್ನು ಕೇಳಿ, ರದ್ದಿಗೆ ಹಾಕುವ ಮೊದಲು. ಬಿಸಿಲಿಗೆ ಹಾಕಬೇಡಿ, ಶಾಯಿ ಮಾಸುತ್ತದೆ. ಗಾಳಿಯಲ್ಲಿ ಒಣಗಿಸಿ, ಮೊಬೈಲಿನಲ್ಲಿ ಪ್ರತಿ ಪುಟದ ಫೋಟೋ ತೆಗೆಯಿರಿ. ಖಾಲಿ ಪುಟವನ್ನೂ ಬಿಡಬೇಡಿ. ಆಮೇಲೆ ಆ ಪುಸ್ತಕ ಹಿಡಿದುಕೊಂಡು ಟೀಮಿನ ಹಿರಿಯರ ಹತ್ತಿರ ಹೋಗಿ ಕೂತುಕೊಳ್ಳಿ. ಈ ಭಾನುವಾರವೇ ಹೋಗಿ. ನಮಸ್ಕಾರ.