ಕೊರ್ಡೊಬಾ ಮಸೀದಿಯಲ್ಲಿ ಕಮಾನಿನ ಮೇಲೆ ಕಮಾನು ಏಕೆ?

[ದೃಶ್ಯ: ಕೆಂಪು-ಬಿಳಿ ಪಟ್ಟೆಯ ಕಮಾನುಗಳ ಸಾಲು]

ನಮಸ್ಕಾರ. ಸ್ಪೇನಿನ ಕೊರ್ಡೊಬಾ ನಗರದ ಈ ಚಿತ್ರವನ್ನು ಹಿಂದೊಮ್ಮೆ ತೋರಿಸಿದಾಗ ವೀಕ್ಷಕರು ಕೇಳಿದ ಪ್ರಶ್ನೆ ಇದು: ಕಂಬದ ಮೇಲೆ ಒಂದು ಕಮಾನು ಸಾಲದೇ? ಅದರ ನೆತ್ತಿಯ ಮೇಲೆ ಇನ್ನೊಂದು ಏಕೆ?

ಹಿನ್ನೆಲೆಯನ್ನು ಬೇಗನೆ ಹೇಳಿಬಿಡುತ್ತೇನೆ. ಗ್ವಾದಲ್ಕಿವೀರ್ ನದಿಯ ದಡದ ಈ ಊರನ್ನು ರೋಮನ್ನರೂ ಅನಂತರ ಜರ್ಮನಿಕ್ ಜನಾಂಗದ ವಿಸಿಗಾತರೂ ಆಳಿದರು. 711ರಲ್ಲಿ ಅದು ಮುಸ್ಲಿಮರ ವಶವಾಯಿತು. ಸಿರಿಯಾದಲ್ಲಿ ತನ್ನ ಉಮಯ್ಯದ್ ಮನೆತನ ಹತ್ಯೆಗೀಡಾದಾಗ ತಪ್ಪಿಸಿಕೊಂಡು ಬಂದ ಒಂದನೆಯ ಅಬ್ದುಲ್ ರಹಮಾನನು 756ರಲ್ಲಿ ಇಲ್ಲಿ ಅಮೀರನಾಗಿ, 780ರ ದಶಕದಲ್ಲಿ ಈ ಮಸೀದಿಯನ್ನು ಕಟ್ಟಿಸಲು ತೊಡಗಿದನು.

[ದೃಶ್ಯ: ಒಂದು ಕಂಬ, ಬುಡದಿಂದ ಮೇಲಕ್ಕೆ]

ಅವನ ಕೆಲಸಗಾರರಿಗೆ ದೊರೆತದ್ದು ರೋಮನ್ ಮತ್ತು ವಿಸಿಗಾತ್ ಕಟ್ಟಡಗಳಿಂದ ಕಿತ್ತು ತಂದ ಹಳೆಯ ಕಂಬಗಳು. ಒಂದರ ಬಣ್ಣ ಇನ್ನೊಂದಕ್ಕಿಲ್ಲ, ಬೋದಿಗೆಗಳೂ ಬೇರೆಬೇರೆ. ಗಿಡ್ಡ ಕಂಬಕ್ಕೆ ಪೀಠವಿಟ್ಟು, ಉದ್ದದ್ದನ್ನು ನೆಲದಲ್ಲಿ ಹೂತು ಎಲ್ಲವನ್ನೂ ಒಂದು ಮಟ್ಟಕ್ಕೆ ತಂದರು. ಆದರೂ ಕಂಬಗಳ ಎತ್ತರ ಸುಮಾರು 3 ಮೀಟರ್ ಮಾತ್ರ. ಅಷ್ಟು ವಿಶಾಲವಾದ ಪ್ರಾರ್ಥನಾಂಗಣಕ್ಕೆ ಅಲ್ಲಿಯೇ ಚಾವಣಿ ಹಾಕಿದ್ದರೆ ಒಳಗೆ ಗಾಳಿಬೆಳಕಿಲ್ಲದೆ ಉಸಿರು ಕಟ್ಟುತ್ತಿತ್ತು. ಆದ್ದರಿಂದ ಪ್ರತಿ ಬೋದಿಗೆಯ ಮೇಲೂ ಒಂದು ಚೌಕ ಗಂಬವನ್ನು ಎಬ್ಬಿಸಿ, ಅದರ ತುದಿಯಿಂದ ಚಾವಣಿ ಹೊರುವ ಅರ್ಧವೃತ್ತದ ಕಮಾನನ್ನು ಹಾಯಿಸಿದರು. ತೆಳುವಾದ ಕಂಬದ ತಲೆಯ ಮೇಲೆ ನಿಂತ ಈ ಗಂಬಗಳು ಅತ್ತಿತ್ತ ವಾಲಬಾರದಲ್ಲವೇ? ಅದಕ್ಕಾಗಿಯೇ ಕೆಳಗಿನ ಕುದುರೆಲಾಳದ ಕಮಾನು. ಗಮನಿಸಿ, ಅದರ ಮೇಲೆ ಗೋಡೆಯೇ ಇಲ್ಲ, ಬರೀ ಬಯಲು. ಅದು ಭಾರ ಹೊರುವುದಕ್ಕಿಂತ ಹೆಚ್ಚಾಗಿ, ಅಕ್ಕಪಕ್ಕದವರ ತೋಳು ಹಿಡಿದು ನಿಲ್ಲಿಸುವ ಕೆಲಸ ಮಾಡುತ್ತದೆ. ಸ್ಪೇನಿನದೇ ಆದ ಮೇರಿದಾ ಪಟ್ಟಣದಲ್ಲಿ ಕಲ್ಲು ಮತ್ತು ಕೆಂಪು ಇಟ್ಟಿಗೆಯನ್ನು ಬೆರೆಸಿ ಅಂತಸ್ತು ಅಂತಸ್ತಾಗಿ ಕಟ್ಟಿದ ರೋಮನ್ ಮೇಲ್ಗಾಲುವೆಯೊಂದಿದೆ. ಈ ಉಪಾಯದ ಮೂಲ ಅಲ್ಲಿರಬಹುದೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ಕೊರತೆಯಿಂದ ಹುಟ್ಟಿದ ಇಷ್ಟು ಸುಂದರವಾದ ಪರಿಹಾರವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಪಟ್ಟೆಗಳ ವಿಷಯದಲ್ಲಿ ಇನ್ನೊಂದು ಮಾತು. ಹಳೆಯ ಭಾಗದಲ್ಲಿ ಕೆಂಪು ಎಂದರೆ ನಿಜವಾದ ಇಟ್ಟಿಗೆ, ಬಿಳಿ ಎಂದರೆ ಕಲ್ಲು. ಹತ್ತನೆಯ ಶತಮಾನದ ಕೊನೆಗೆ, ಆಡಳಿತವನ್ನು ಕೈಯಲ್ಲಿಟ್ಟುಕೊಂಡಿದ್ದ ಮಂತ್ರಿ ಅಲ್ಮನ್ಸೂರನು ವಿಸ್ತರಿಸಿದ ಪೂರ್ವದ ಭಾಗದಲ್ಲಿ ಕಮಾನು ಪೂರ್ತಿ ಕಲ್ಲಿನದು. ಕೆಂಪು ಕೇವಲ ಬಳಿದ ಬಣ್ಣ. ಅಲ್ಲಿ ನಿಂತವರು ತಲೆಯೆತ್ತಿ ಹೋಲಿಸಿ ನೋಡಲೇಬೇಕು.

[ದೃಶ್ಯ: ಕಂಬಗಳ ನಡುವೆ ಎದ್ದ ಚರ್ಚ್]

1236ರಲ್ಲಿ ಕ್ರೈಸ್ತ ರಾಜ್ಯವಾದ ಕ್ಯಾಸ್ಟೀಲಿನ ಅರಸ ಮೂರನೆಯ ಫರ್ಡಿನಾಂಡನು ನಗರವನ್ನು ಗೆದ್ದಾಗ ಮಸೀದಿಯು ಕ್ರೈಸ್ತ ಆರಾಧನೆಯ ಸ್ಥಳವಾಯಿತು. 1523ರಲ್ಲಿ ಬಿಷಪ್ಪರು ನಟ್ಟನಡುವೆ ಎತ್ತರದ ಚರ್ಚ್ ಕಟ್ಟಿಸಲು ಹೊರಟಾಗ, ಕಂಬಗಳನ್ನು ಕೆಡವಿದ ಕೆಲಸಗಾರರಿಗೆ ಮರಣದಂಡನೆ ವಿಧಿಸುವುದಾಗಿ ಕ್ರೈಸ್ತರದೇ ಆದ ನಗರಸಭೆ ಎಚ್ಚರಿಸಿತ್ತು. ಚಕ್ರವರ್ತಿ ಐದನೆಯ ಚಾರ್ಲ್ಸ್ ಬಿಷಪ್ಪರ ಪರ ನಿಂತದ್ದರಿಂದ ಕೆಲಸ ನಡೆಯಿತು. ಇಷ್ಟಾದರೂ 850ಕ್ಕೂ ಹೆಚ್ಚು ಕಂಬಗಳು ಉಳಿದಿವೆ.

ಸಮಯ ಕಡಿಮೆಯಿರುವುದರಿಂದ ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಮಸೀದಿಯ ಪಕ್ಕದ ಯಹೂದಿ ಕೇರಿಯಲ್ಲಿ 1315ರ ಪುಟ್ಟ ಸಿನಗಾಗ್, ಎಂದರೆ ಯಹೂದಿಗಳ ಪ್ರಾರ್ಥನಾಮಂದಿರ, ಇದೆ. ತತ್ತ್ವಜ್ಞಾನಿ ಮೈಮೊನಿಡೀಸ್ ಹುಟ್ಟಿದ್ದು ಈ ಊರಿನಲ್ಲಿಯೇ. ದಕ್ಷಿಣಕ್ಕೆ ರೋಮನ್ ಸೇತುವೆಯಿದೆ. ಮೇ ತಿಂಗಳಲ್ಲಿ ಹೋದರೆ ಮನೆಗಳ ಒಳಾಂಗಣಗಳು ಹೂಕುಂಡಗಳಿಂದ ತುಂಬಿ ಎಲ್ಲರಿಗೂ ತೆರೆದಿರುತ್ತವೆ. ಈ ಹಬ್ಬವನ್ನು ಯುನೆಸ್ಕೊ 2012ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಗೋಡೆಯ ಎತ್ತರದಲ್ಲಿ ತೂಗುವ ಕುಂಡಗಳಿಗೆ ಮನೆಯವರು ಉದ್ದನೆಯ ಗಳುವಿನ ತುದಿಗೆ ತಗಡಿನ ಡಬ್ಬಿ ಕಟ್ಟಿ, ಒಂದೊಂದಕ್ಕೂ ನೀರು ಸುರಿಯುತ್ತಾರೆ.