ಎರಡು ಮದುವೆ, ಒಂದು ಜೊತೆ ಶೂ: ನಮ್ಮನೆ ಮಾಣಿಯ ಬೇಸಿಗೆ ದುಡಿಮೆ

ಇದು ಶೂ. ಕಪ್ಪು ಶೂ, ಏಳನೇ ನಂಬರ್. ಎಡಗಾಲಿಂದು ನೋಡಿ, ಹತ್ತಿರದಿಂದ ತೋರಿಸ್ತೀನಿ, ಮುಂದೆ ದಾರ ಹಾಕಿ ಹೊಲಿದಿರೋದು ಕಾಣುತ್ತಲ್ಲ? ಇದರ ಕಥೆ ಆಮೇಲೆ ಹೇಳ್ತೀನಿ. ಹೇಳದೇ ಬಿಡೋದಂತೂ ಇಲ್ಲ, ಮೂರು ದಿನದಿಂದ ಮನೇಲಿ ಇದೇ ಮಾತು.

ಹಾಂ, ನಮಸ್ಕಾರ ಎಲ್ಲರಿಗೂ. ಹಿಂದೆ ಗರಗರ ಅಂತಿರೋದು ಪಕ್ಕದ ಮನೆ ಸೀತತ್ತೆಯ ಗ್ರೈಂಡರ್. ಹಲಸಿನಕಾಯಿ ರುಬ್ತಾ ಇದಾರೆ. ನಿಲ್ಲಿಸಿ ಅನ್ನೋಕಾಗಲ್ಲ, ಈ ವಿಡಿಯೋದ ಅರ್ಧ ವಿಷಯ ಆ ಗ್ರೈಂಡರ್‌ನಲ್ಲೇ ಇದೆ.

ಈಗ ಜಗಲಿ ಮೇಲೆ ಕಾಲು ಚಾಚಿ ಮಲಗಿರೋ ಮಹಾನುಭಾವ ನನ್ನ ತಮ್ಮ. ಹೆಸರು ಹೇಳಬೇಡ ಅಂದಿದಾನೆ, ಮಾಣಿ ಅಂತ ಕರಿಯೋಣ. ನಮ್ಮ ಸಾಗರದ ಕಡೆ ಹುಡುಗ ಅಂದ್ರೆ ಮಾಣಿ. ವಯಸ್ಸಿಗೂ ಅದಕ್ಕೂ ಸಂಬಂಧ ಇಲ್ಲ. ನಮ್ಮ ಅಪ್ಪನಿಗೆ ಐವತ್ತೆಂಟು, ದೊಡ್ಡತ್ತೆ ಈಗಲೂ "ಮಾಣಿ ಊಟಕ್ಕೆ ಬಂದ್ನ?" ಅಂತ್ಲೇ ಕೇಳೋದು. ಇರಲಿ. ಈ ಮಾಣಿಗೆ ಹದಿನಾರು. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಸಿ ಬಂದವನು ಚೀಲ ಅಟ್ಟಕ್ಕೆ ಎಸೆದ, ಆವತ್ತಿಂದ ಮೊಬೈಲ್ ಕೆಳಗೆ ಇಟ್ಟಿದ್ದು ಚಾರ್ಜಿಗೆ ಹಾಕೋಕೆ ಮಾತ್ರ. ಅಮ್ಮ ಹತ್ತು ದಿನ ಸುಮ್ಮನಿದ್ರು. ಹನ್ನೊಂದನೇ ದಿನ, "ತೋಟಕ್ಕೆ ನೀರು ಬಿಡ್ತೀಯೋ, ಎಲ್ಲಾದ್ರೂ ದುಡಿಯೋಕೆ ಹೋಗ್ತೀಯೋ?" ಅಂದ್ರು. ತೋಟ ಅಂದ್ರೆ ಸಂಬಳ ಇಲ್ಲ ಅಂತ ಅವನಿಗೆ ಗೊತ್ತು. ದುಡಿಯೋಕೆ ಹೋಗ್ತೀನಿ ಅಂದ.

ಅವನು ಹುಡುಕಿದ ಮೊದಲನೇ ಕೆಲಸ ಇಲ್ಲಿದೆ, ಸ್ಕ್ರೀನ್ ತೋರಿಸ್ತೀನಿ, ನಂಬರ್ ಮಸುಕು ಮಾಡಿದೀನಿ. ಮನೇಲೇ ಕೂತು ವಿಡಿಯೋ ಲೈಕ್ ಮಾಡಿದ್ರೆ ದಿನಕ್ಕೆ ಎರಡು ಸಾವಿರ. ಮೊದಲು ನೂರೈವತ್ತು ರೂಪಾಯಿ ಅವರೇ ಹಾಕ್ತಾರೆ. ಆಮೇಲೆ "ಮುಂದಿನ ಹಂತಕ್ಕೆ ಐನೂರು ಕಟ್ಟಿ" ಅಂತಾರೆ. ಐನೂರು ಕಟ್ಟಿದ್ರೆ ಐದು ಸಾವಿರ ಕೇಳ್ತಾರೆ. ನೋಡ್ರೋ ಮಕ್ಕಳೇ, ಕೆಲಸ ಕೊಡೋನು ದುಡ್ಡು ಕೊಡ್ತಾನೆ, ಕೇಳಲ್ಲ. ಕೇಳಿದ ಅಂದ್ರೆ ಅದು ಕೆಲಸ ಅಲ್ಲ. ಇನ್ನೊಂದು ಇದಕ್ಕಿಂತ ಕೆಟ್ಟದ್ದಿದೆ: "ನಿನ್ನ ಬ್ಯಾಂಕ್ ಖಾತೆ ಸ್ವಲ್ಪ ದಿನ ಬಳಸ್ಕೊಳ್ತೀವಿ, ಕಮಿಷನ್ ಕೊಡ್ತೀವಿ" ಅನ್ನೋರು. ಎಲ್ಲೋ ಯಾರದೋ ಕದ್ದ ದುಡ್ಡು ನಿಮ್ಮ ಖಾತೆ ಮೇಲೆ ಹಾದು ಹೋಗುತ್ತೆ, ಪೊಲೀಸ್ರು ಬರೋದು ನಿಮ್ಮ ಮನೆಗೆ. ಆಗಲೇ ದುಡ್ಡು ಹೋಗಿದ್ರೆ ನಾಚಿಕೆ ಪಡ್ತಾ ಕೂರಬೇಡಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡ್ತೀರೋ ಅಷ್ಟು ಒಳ್ಳೇದು.

ಎರಡನೇ ಐಡಿಯಾ, ಪೇಟೆಯಲ್ಲಿ ಸ್ಕೂಟಿ ಮೇಲೆ ಪಾರ್ಸೆಲ್ ಹಂಚೋದು. ಇದಕ್ಕೆ ನಾನು ಜಾಸ್ತಿ ಹೊತ್ತು ಕೊಡಲ್ಲ. ಹದಿನಾರಕ್ಕೆ ಸಿಗೋ ಲೈಸೆನ್ಸ್ ಗೇರ್ ಇಲ್ಲದ 50 ಸಿಸಿ ಗಾಡಿಗೆ, ನಮ್ಮನೆ ಸ್ಕೂಟಿ 110. ಸಿಕ್ಕಿಬಿದ್ರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಪ್ರಕಾರ ಅಪ್ಪನಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲೂ ಆಗಬಹುದು, ಗಾಡಿಯ ನೋಂದಣಿ ಒಂದು ವರ್ಷ ರದ್ದು, ಮಾಣಿಗೆ ಇಪ್ಪತ್ತೈದು ತುಂಬೋವರೆಗೆ ಲೈಸೆನ್ಸ್ ಇಲ್ಲ. ಇದನ್ನೆಲ್ಲ ಓದಿ ಹೇಳಿದ ಮೇಲೆ ಅವನು ಕೇಳಿದ್ದು, "ಸೈಕಲ್ ಮೇಲೆ ಹಂಚಿದ್ರೆ?" ನಮ್ಮೂರಿಂದ ಪೇಟೆಗೆ ಹೋಗೋ ಆ ಏರು ನೋಡಿದೀರಲ್ಲ ಹಿಂದಿನ ವಿಡಿಯೋದಲ್ಲಿ. ನಾನು ಉತ್ತರ ಕೊಡಲಿಲ್ಲ.

ಸರಿ, ಈಗ ಮದುವೆ ಮನೆ. ಇದು ನಾನು ತೆಗೆದ ಶಾಟ್ ಅಲ್ಲ, ಅವನ ಗೆಳೆಯ ತೆಗೆದಿದ್ದು, ಅದಕ್ಕೇ ಇಷ್ಟು ಅಲುಗಾಡ್ತಿದೆ. ಬಿಳಿ ಅಂಗಿ ಹಾಕ್ಕೊಂಡು ನೀರಿನ ಜಗ್ ಹಿಡಿದು ಓಡ್ತಿರೋದೇ ನಮ್ಮ ಮಾಣಿ. ನಮ್ಮ ಕಡೆ ಪಿಯುಸಿ, ಡಿಗ್ರಿ ಹುಡುಗರ ಬೇಸಿಗೆ ದುಡಿಮೆ ಅಂದ್ರೆ ಇದೇ. ಬಡಿಸೋಕೆ ಹೋಗೋದು. ಏಪ್ರಿಲ್, ಮೇ ತುಂಬಾ ಮದುವೆ, ಉಪನಯನ, ಗೃಹಪ್ರವೇಶ. ಮೊದಲು ಊರಿನವರೇ ಪಂಚೆ ಕಟ್ಟಿ ಬಡಿಸ್ತಿದ್ರು, ಈಗ ಊರಲ್ಲಿ ಬಡಿಸೋ ವಯಸ್ಸಿನವರೆಲ್ಲ ಬೆಂಗಳೂರಲ್ಲಿ. ಕ್ಯಾಟರಿಂಗ್‌ನವರು ಹುಡುಗರನ್ನ ಕರ್ಕೊಂಡು ಬರ್ತಾರೆ. ಹೊಸಬರಿಗೆ ಪಾಯಸ, ಹೋಳಿಗೆ ಕೈಗೆ ಕೊಡಲ್ಲ. ನೀರು, ಉಪ್ಪು, ಉಪ್ಪಿನಕಾಯಿ, ಆಮೇಲೆ ಎಲೆ ತೆಗೆಯೋದು. ಎರಡನೇ ಮದುವೆಗೆ ಅವನಿಗೆ ಅಪ್ಪೆಹುಳಿ, ಅಂದ್ರೆ ಮಾವಿನಕಾಯಿಯ ತೆಳು ಹುಳಿ, ಅದರ ಬಕೆಟ್ ಸಿಕ್ತು, ಮನೆಗೆ ಬಂದು ಪ್ರಮೋಷನ್ ಆದವರ ಥರ ಹೇಳಿದ.

ಈಗ ಶೂ.

ಕ್ಯಾಟರಿಂಗ್‌ನವರು ಹೇಳಿದ್ದು ಬಿಳಿ ಅಂಗಿ, ಕಪ್ಪು ಪ್ಯಾಂಟ್, ಕಪ್ಪು ಶೂ. ಅಂಗಿ ಶಾಲೆಯದ್ದೇ ಇತ್ತು, ಜೇಬಿನ ಮೇಲಿನ ಶಾಲೆ ಗುರುತನ್ನ ಅಮ್ಮ ಬ್ಲೇಡ್ ಹಿಡಿದು ದಾರ ದಾರ ಬಿಡಿಸಿದ್ರು. ಪ್ಯಾಂಟ್ ಚಿಕ್ಕಪ್ಪಂದು, ಸೊಂಟಕ್ಕೆ ಪಿನ್. ಶಾಲೆ ಶೂ ಒಂಬತ್ತನೇ ಕ್ಲಾಸಿಗೇ ಬಿಗಿಯಾಗಿತ್ತು. ಹಾಗಾಗಿ ಪೇಟೆಗೆ ಹೋದ್ವಿ. ಅಂಗಡಿಯವರು ಮೊದಲು ತೋರಿಸಿದ್ದು ಸಾವಿರದ ಇನ್ನೂರರದ್ದು. ಬೇಡ ಅಂದೆ. ಆಮೇಲೆ ಒಳಗಿಂದ ಇದನ್ನ ತಂದ್ರು, 649. "ಆರುನೂರಕ್ಕೆ ಕೊಡಿ" ಅಂದೆ, "ಫಿಕ್ಸೆಡ್ ರೇಟ್ ಮೇಡಂ" ಅಂದ್ರು. ಫಿಕ್ಸೆಡ್ ಆಗಿದ್ದು ರೇಟ್ ಒಂದೇ ಅಂತ ಆಮೇಲೆ ಗೊತ್ತಾಯ್ತು, ಸೋಲ್ ಫಿಕ್ಸೆಡ್ ಆಗಿರಲಿಲ್ಲ. ಸಾಕ್ಸ್‌ಗೆ ನಲವತ್ತು ಬೇರೆ.

ಮೊದಲನೇ ಮದುವೆಗೆ ಮಾತಾಡಿದ್ದು ಐನೂರು. ಕೈಗೆ ಬಂದಿದ್ದು ನಾನೂರು. ಯಾಕೆ ಅಂದ್ರೆ, "ಹೊಸಬನಲ್ವಾ". ಹೊಸಬ ಅಂತ ಹಿಂದಿನ ದಿನ ಗೊತ್ತಿರಲಿಲ್ವಾ? ಗೊತ್ತಿತ್ತು. ಎಲೆ ತೆಗೆಯೋಕೆ ಹಳಬರು ಯಾರಾದ್ರೂ ಬಂದ್ರಾ? ಇಲ್ಲ. ಎಲೆ ಎಲ್ಲ ಹೊಸಬರೇ ತೆಗೆದಿದ್ದು, ನೂರು ಮಾತ್ರ ಹೊಸತನಕ್ಕೆ ಕಟ್. ನನಗೆ ಸಿಟ್ಟು ಬಂದಿದ್ದು ನೂರಕ್ಕಲ್ಲ. ಮಾಣಿ ಅಲ್ಲಿ ಒಂದು ಮಾತು ಕೇಳದೇ "ಥ್ಯಾಂಕ್ಸ್ ಅಣ್ಣ" ಅಂತ ಬಂದಿದಾನೆ. ನಮ್ಮನೇಲಿ ಉಪ್ಪಿನಕಾಯಿಗೆ ಹಾಕೋ ಅಪ್ಪೆಮಿಡಿ ಮಾವು ಮಾರುವಾಗ ನೂರು ಮಿಡಿಗೆ ಎಷ್ಟು ಅಂತ ಬಾಯಿ ಒಣಗೋವರೆಗೆ ಚೌಕಾಸಿ ಮಾಡ್ತೀವಿ, ನಮ್ಮ ಕೂಲಿ ಅಂದ್ರೆ ಬಾಯಿಗೆ ಬೀಗ. ನಾನೂ ಹಂಗೇ, ಮೊದಲನೇ ಕೆಲಸದಲ್ಲಿ ಸಂಬಳ ಕೇಳೋಕೆ ಮೂರು ತಿಂಗಳು ತಗೊಂಡೆ, ಅದು ಬೇರೆ ಕಥೆ.

ಎರಡನೇ ಮದುವೆ. ಮೂರನೇ ಪಂಕ್ತಿ ನಡೀತಿದೆ, ನೆಲದ ಮೇಲೆ ಯಾರೋ ಸಾಂಬಾರ್ ಚೆಲ್ಲಿದಾರೆ, ಮಾಣಿ ಅಪ್ಪೆಹುಳಿ ಬಕೆಟ್ ಹಿಡಿದು ಬರ್ತಿದಾನೆ. ಕಾಲು ಅಂಟ್ತು. ಎಳೆದ. ಶೂ ಬಂತು, ಸೋಲ್ ಅಲ್ಲೇ ಉಳೀತು. ಪುಣ್ಯಕ್ಕೆ ಬಕೆಟ್ ಬೀಳಲಿಲ್ಲ. ಉಳಿದ ಎರಡು ಪಂಕ್ತಿ ಶೂಗೆ ಬಾಳೆ ನಾರು ಸುತ್ಕೊಂಡು ಬಡಿಸಿದಾನೆ. ಇದರ ವಿಡಿಯೋ ಇಲ್ಲ, ಯಾರೂ ತೆಗೆದಿಲ್ಲ, ಅದೇ ನನ್ನ ಈ ವರ್ಷದ ದೊಡ್ಡ ನಷ್ಟ. ಅಂಗಡಿಗೆ ತಗೊಂಡು ಹೋದ್ರೆ, "ಇದು ನೀರಲ್ಲಿ ಹಾಕೋ ಶೂ ಅಲ್ಲ ಮೇಡಂ." ಸಾಂಬಾರ್ ನೀರಾ? "ಯಾವುದೇ ದ್ರವ." ಹಂಗಂದ್ರು, ನಿಜವಾಗ್ಲೂ. ಮಲೆನಾಡಲ್ಲಿ ಅಂಗಡಿ ಇಟ್ಕೊಂಡು ನೀರು ತಾಗಿಸಬಾರದ ಶೂ ಮಾರ್ತಾರಂತೆ! ಕೊನೆಗೆ ಬಸ್ ಸ್ಟ್ಯಾಂಡ್ ಹತ್ತಿರ ಚಪ್ಪಲಿ ಹೊಲಿಯೋರು ಅರವತ್ತು ತಗೊಂಡು ಸುತ್ತಲೂ ಹೊಲಿದು ಕೊಟ್ರು. ಆ ಹೊಲಿಗೆ ನೋಡಿ, ಈಗ ಶೂ ಹೋದ್ರೂ ಸೋಲ್ ಹೋಗಲ್ಲ.

ಲೆಕ್ಕ ಹಾಕೋಣ. ನಾನೂರು, ಎರಡನೇ ಸಲ ಐನೂರು, ಒಟ್ಟು ಒಂಬೈನೂರು. ಶೂ 649, ಸಾಕ್ಸ್ 40, ಹೊಲಿಗೆ 60. ಉಳಿದಿದ್ದು 151 ರೂಪಾಯಿ. ಅಪ್ಪ ಲೆಕ್ಕ ಕೇಳಿ, "ಸರಿ ಇದೆ, ಎಲ್ಲರೂ ಮದುವೆಗೆ ಹೋಗಿ ನೂರೈವತ್ತೊಂದು ಮುಯ್ಯಿ ಹಾಕಿ ಬರ್ತಾರೆ, ಇವನು ತಗೊಂಡು ಬಂದ" ಅಂದ್ರು. ಮಾಣಿಗೆ ನಗು ಬರಲಿಲ್ಲ.

ಇನ್ನೊಂದು ವಿಷಯ, ಇದರಲ್ಲಿ ತಪ್ಪು ನಂದೂ ಇದೆ. ಎರಡನೇ ಮದುವೆ ದಿನ ಬೆಳಿಗ್ಗೆ ಐದೂವರೆಗೆ ಅವನನ್ನ ಮದುವೆ ಮನೆಗೆ ಬಿಟ್ಟು ಬಂದಿದ್ದು ನಾನೇ. ವಾಪಸ್ ಬಂದು ಕಾನೂನು ಓದಿದೆ. ಹದಿನಾಲ್ಕರ ಒಳಗಿನ ಮಕ್ಕಳನ್ನ ಕೆಲಸಕ್ಕೆ ಇಟ್ಕೊಳ್ಳೋ ಹಾಗೇ ಇಲ್ಲ, ಸ್ವಂತ ಮನೆಯವರ ಕೆಲಸಕ್ಕೆ ರಜೆಯಲ್ಲಿ, ಶಾಲೆ ಮುಗಿದ ಮೇಲೆ ಸಹಾಯ ಮಾಡಬಹುದು, ಅದೂ ಅಪಾಯದ್ದಾಗಿರಬಾರದು. ಹದಿನಾಲ್ಕರಿಂದ ಹದಿನೆಂಟು ಅಂದ್ರೆ ಕಿಶೋರರು. ಅವರನ್ನ ಗಣಿ, ಪಟಾಕಿ, ಸ್ಫೋಟಕ, ಬೆಂಕಿ ಹತ್ಕೊಳ್ಳೋ ವಸ್ತು, ಇಂಥ ಅಪಾಯದ ಕಡೆ ಹಾಕೋ ಹಾಗಿಲ್ಲ. ಬೇರೆ ಕಡೆ ಆದ್ರೂ ಮೂರು ಗಂಟೆ ಕೆಲಸ ಆದ ಮೇಲೆ ಒಂದು ಗಂಟೆ ಬಿಡುವು ಕೊಡಬೇಕು, ಬಿಡುವು, ಕಾಯೋ ಹೊತ್ತು ಎಲ್ಲ ಸೇರಿ ದಿನಕ್ಕೆ ಆರು ಗಂಟೆ ದಾಟಬಾರದು. ಸಂಜೆ ಏಳರಿಂದ ಬೆಳಿಗ್ಗೆ ಎಂಟರವರೆಗೆ ಕೆಲಸ ಇಲ್ಲವೇ ಇಲ್ಲ, ಓವರ್‌ಟೈಮ್ ಇಲ್ಲ, ವಾರಕ್ಕೊಂದು ರಜೆ ಇರಬೇಕು. 1986ರ ಬಾಲಕಾರ್ಮಿಕ ಕಾನೂನು, 2016ರಲ್ಲಿ ತಿದ್ದಿದ್ದು. ಇದನ್ನ ಓದ್ತಾ ಓದ್ತಾ ನನ್ನ ಮುಖ ಸಣ್ಣಗಾಯ್ತು.

ಮೂರನೇದು ರಿಸೆಪ್ಷನ್, ರಾತ್ರಿ ಹನ್ನೊಂದಾಗುತ್ತೆ ಅಂದ್ರು ಕ್ಯಾಟರಿಂಗ್‌ನವರು. ಕಳಿಸಲ್ಲ ಅಂದೆ. "ಹಗಲು ಊಟಕ್ಕಾದ್ರೆ ಎಂಟು ಗಂಟೆ ಮೇಲೆ ಬರ್ತಾನೆ" ಅಂದೆ. "ಎಂಟಕ್ಕೆ ಬಂದ್ರೆ ತಿಂಡಿ ಯಾರು ಬಡಿಸ್ತಾರೆ ಅಕ್ಕಾ?" ಅಂದ್ರು ಅವರು. ನ್ಯಾಯವಾದ ಪ್ರಶ್ನೆ. ಉತ್ತರ: ದೊಡ್ಡವರು ಬಡಿಸಲಿ. ಕ್ಯಾಟರಿಂಗ್ ಕೆಲಸ ಕೆಟ್ಟದ್ದು ಅಂತ ಇಡೀ ವಿಡಿಯೋ ಮಾಡಬೇಕು ಅಂತಿದ್ದೆ ನಾನು. ಆದ್ರೆ ಒಂದು ನೋಡಿದೆ. ನಿನ್ನೆ ಮನೆಗೆ ನೆಂಟರು ಬಂದಾಗ ಮಾಣಿ ಎದ್ದು ತಾನೇ ಎಲೆ ಹಾಕಿದ, ತುದಿ ಎಡಕ್ಕೆ ಬರೋ ಹಾಗೆ. ಉಪ್ಪು ಬಡಿಸಿದ, ಯಾರ ಲೋಟದಲ್ಲಿ ನೀರಿಲ್ಲ ಅಂತ ಕೇಳದೇ ನೋಡಿ ಹಾಕಿದ. ಊಟ ಆದ ಮೇಲೆ ತನ್ನ ತಟ್ಟೆ ಎತ್ತದ ಹುಡುಗ ಇವನು. ಹಾಗಾಗಿ ಕೆಲಸ ಕೆಟ್ಟದ್ದು ಅನ್ನೋ ಮಾತು ವಾಪಸ್ ತಗೊಂಡೆ, ಹೊತ್ತು ಕೆಟ್ಟದ್ದು, ಲೆಕ್ಕ ಕೆಟ್ಟದ್ದು. ಇವತ್ತಿಗೆ ನನ್ನ ಅಭಿಪ್ರಾಯ ಇದು, ನಾಳೆ ಶೂ ಮತ್ತೆ ಬಾಯಿ ಬಿಟ್ರೆ ಬದಲಾಗುತ್ತೆ.

ಈಗ ಪೇಟೆಯಲ್ಲಿದೀವಿ, ಇದು ಜೆರಾಕ್ಸ್, ಆನ್‌ಲೈನ್ ಅರ್ಜಿ ಹಾಕೋ ಅಂಗಡಿ. ಒಳಗೆ ಕ್ಯಾಮೆರಾ ಬೇಡ ಅಂದ್ರು, ಮೇಜಿನ ಮೇಲೆಲ್ಲ ಜನರ ಆಧಾರ್ ಕಾರ್ಡ್ ಇರುತ್ತೆ, ಅವರು ಹೇಳಿದ್ದು ಸರಿ. ರಿಸಲ್ಟ್ ಬಂದ ಮೇಲೆ ಇಲ್ಲಿ ಕಾಲಿಡೋಕೆ ಜಾಗ ಇರಲ್ಲ, ಕಾಲೇಜ್ ಅರ್ಜಿ, ಜಾತಿ ಆದಾಯ ಪ್ರಮಾಣಪತ್ರ, ಎಲ್ಲ ಒಟ್ಟಿಗೆ. ಮಾಣಿಗೆ ನುಡಿ ಸಾಫ್ಟ್‌ವೇರ್‌ನಲ್ಲಿ ಕನ್ನಡ ಟೈಪ್ ಮಾಡೋಕೆ ಬರುತ್ತೆ. ಅಂಗಡಿಯವರು ಒಂದು ಅರ್ಜಿ ಕೊಟ್ಟು ಟೈಪ್ ಮಾಡು ಅಂದ್ರು, ಒಂದೇ ಒಂದು ಒತ್ತಕ್ಷರ ತಪ್ಪಿದ. ಹತ್ತರಿಂದ ಒಂದು ಗಂಟೆವರೆಗೆ, ತಿಂಗಳಿಗೆ ಮೂರು ಸಾವಿರ. ಈ ಸಲ ಮಾಣಿನೇ ಕೇಳಿದ, "ಹೊಸಬ ಅಂತ ಕಟ್ ಇರುತ್ತಾ?" ನಾನು ಹೊರಗೆ ನಿಂತಿದ್ದೆ, ಗಾಜಿನಾಚೆ ಕೇಳಿಸ್ತು. ಅವರು ನಕ್ಕು ಇಲ್ಲ ಅಂದ್ರು. ಮುಂದಿನ ಸೋಮವಾರದಿಂದ ಬಾ ಅಂದಿದಾರೆ. ಕೂಲಿ ಅವನ ಖಾತೆಗೇ ಹೋಗಲಿ ಅಂತ ಹೇಳಿ ಬಂದೆ. ಹತ್ತು ವರ್ಷ ದಾಟಿದ ಮಕ್ಕಳು ಉಳಿತಾಯ ಖಾತೆ ತಾವೇ ನಡೆಸೋಕೆ ಬ್ಯಾಂಕ್‌ನವರು ಅವಕಾಶ ಕೊಡಬಹುದು, ಮಿತಿ ಎಷ್ಟು, ಎಟಿಎಂ ಕಾರ್ಡ್ ಕೊಡ್ತಾರಾ ಅನ್ನೋದು ಒಂದೊಂದು ಬ್ಯಾಂಕಲ್ಲಿ ಒಂದೊಂದು ಥರ. ಮದುವೆ ಮನೆ ದುಡ್ಡು ನನ್ನ ಫೋನಿಗೆ ಬಂದಿತ್ತು, ಅವತ್ತಿಂದ ದಿನಕ್ಕೆ ನಾಲ್ಕು ಸಲ "ಅಕ್ಕಾ, ನನ್ನ ದುಡ್ಡು" ಅಂತಾನೆ.

ಸೋಮವಾರದವರೆಗೆ ಏನು? ಅದೇ ಗ್ರೈಂಡರ್. ಇದು ನಮ್ಮ ಹಿತ್ತಲಾಚೆ ಸೀತತ್ತೆ ಮನೆ. ಹಲಸಿನ ಹಪ್ಪಳ. ಕೈಗೆ ಕೊಬ್ಬರಿ ಎಣ್ಣೆ ಹಚ್ಕೊಂಡು ತೊಳೆ ಬಿಡಿಸ್ತಿರೋದು ಸೀತತ್ತೆ ಮಗಳು, ಹನ್ನೆರಡು ವರ್ಷ, ಅವಳಮ್ಮನ ಕೆಲಸ ಅವಳದ್ದೂ ಹೌದು, ಬೇಜಾರಾದ್ರೆ ಎದ್ದು ಆಡೋಕೆ ಹೋಗ್ತಾಳೆ. ನೋಡಿ, ಹೋದ್ಲು. ಮಾಣಿದು ಎರಡು ಮಣೆ ಮಧ್ಯೆ ಉಂಡೆ ಇಟ್ಟು ಒತ್ತೋ ಕೆಲಸ. ನೂರು ಹಪ್ಪಳಕ್ಕೆ ಐವತ್ತು ರೂಪಾಯಿ. ಮೊದಲನೇ ದಿನ ಅವನು ಒತ್ತಿದ ಹಪ್ಪಳ ಒಂದೊಂದು ಒಂದೊಂದು ದೇಶದ ನಕ್ಷೆ ಥರ ಇತ್ತು, ಅದನ್ನ ಸೀತತ್ತೆ ಬೇರೆ ಇಟ್ಟು ನಮ್ಮನೆಗೇ ಕೊಟ್ಟು ಕಳಿಸಿದ್ರು. ಲೆಕ್ಕಕ್ಕೆ ಮಾತ್ರ ಹಿಡಿದ್ರು, ಒಂದನ್ನೂ ಬಿಡಲಿಲ್ಲ. ನೂರಾ ಐವತ್ತು ಹಪ್ಪಳ, ಎಪ್ಪತ್ತೈದು ರೂಪಾಯಿ, ಮಧ್ಯಾಹ್ನ ಮಾವಿನಹಣ್ಣಿನ ಸೀಕರಣೆ. ಬರಿಗಾಲಲ್ಲಿ ಮಾಡೋ ಕೆಲಸ, ಶೂ ಬೇಡ.

ಈಗ ಅಂಗಳ. ಚಾಪೆ ಮೇಲೆ ಸಾಲಾಗಿ ಒಣಗ್ತಿರೋದು ಇವತ್ತಿನದ್ದು, ಮುನ್ನೂರಿದೆ. ಬಿಸಿಲು ಚೆನ್ನಾಗಿದೆ ಅಂತ ಹೇಳೋಣ ಅಂತಿದ್ದೆ, ಅಲ್ಲಿ ಗುಡ್ಡದ ಮೇಲೆ ನೋಡಿ, ಕಪ್ಪು ಕಟ್ತಿದೆ. ಗಾಳಿನೂ ಎದ್ದಿದೆ. ಈ ಕಡೆ ಬೇಸಿಗೆ ಮಳೆ ಹೇಳಿ ಕೇಳಿ ಬರಲ್ಲ... ಓ, ಹನಿ ಬಿತ್ತು. ಬಿತ್ತು ಬಿತ್ತು. ಏ ಮಾಣಿ! ಆ ತುದಿ ಚಾಪೆ ಹಿಡಿಯೋ! ಶೂ ಜಗಲಿ ಕಟ್ಟೆ ಮೇಲಿದೆ, ಅದನ್ನೂ ಒಳಗೆ ಹಾಕು, ಯಾವುದೇ ದ್ರವ ತಾಗಬಾರದಂತೆ! ನಾನು ಕ್ಯಾಮೆರಾ ಇಡ್ತೀನಿ, ಆ ಕಡೆಯ ಇನ್ನೂರು ಹಪ್ಪಳ ಇನ್ನೂ ಅಲ್ಲೇ ಇವೆ.